ಹಾಲುಹಲ್ಲು ತಾನೇ ಅನ್ನಬೇಡಿ

"ಹಾಲುಹಲ್ಲು ತಾನೇ, ಹೇಗಿದ್ದರೂ ಬಿದ್ದುಹೋಗುತ್ತೆ ಬಿಡಿ." ಈ ಮಾತನ್ನ ನಮ್ಮ ಬೀದಿಯಲ್ಲಿ ಯಾರ ಬಾಯಲ್ಲಿ ಕೇಳಿಲ್ಲ ಹೇಳಿ? ಓದಿದವರು, ಓದದವರು, ಅಜ್ಜಿಯರು, ಹೊಸ ತಾಯಂದಿರು, ಎಲ್ಲರದೂ ಇದೇ ಮಾತು. ಬೀಳೋದು ನಿಜವೇ. ಬಿದ್ದ ಹಲ್ಲನ್ನ ಸಗಣಿ ಉಂಡೆಯೊಳಗಿಟ್ಟು ಮಾಡಿನ ಮೇಲೆ ಎಸೆದು ಬೆಳೆದವರೇ ನಾವು. ಆದರೆ ಯಾವ ಹಲ್ಲು ಯಾವಾಗ ಬೀಳುತ್ತೆ ಅಂತ ಒಂದು ಸಲ ಲೆಕ್ಕ ಹಾಕಿ ನೋಡಿ. ಮುಂದಿನ ಹಲ್ಲು ಬೀಳೋದು 6-7ನೇ ವರ್ಷಕ್ಕೆ. ಹಿಂದಿನ ದವಡೆಹಲ್ಲು ಬೀಳಬೇಕಾದರೆ 10 ಆಗಬೇಕು, ಕೆಲವು ಮಕ್ಕಳಿಗೆ 12. ಅಂದಮೇಲೆ 4ನೇ ವರ್ಷಕ್ಕೆ ಹುಳುಕು ಹತ್ತಿದ ದವಡೆಹಲ್ಲಿಗೆ ಇನ್ನೂ ಆರೇಳು ವರ್ಷದ ಕೆಲಸ ಬಾಕಿ ಇದೆ. ಅಷ್ಟು ವರ್ಷ ಆ ಮಗು ಒಂದೇ ಪಕ್ಕದಲ್ಲಿ ಅಗಿದು ಬದುಕಬೇಕಾ?

ಅಗಿಯೋದು ಕಣ್ಣಿಗೆ ಕಾಣೋ ಕೆಲಸ. ಕಾಣದ ಕೆಲಸ ಇನ್ನೊಂದಿದೆ, ಕೆಳಗಿನಿಂದ ಬರೋ ಹಲ್ಲಿಗೆ ಜಾಗ ಕಾಯೋದು. 6ನೇ ವರ್ಷದ ಹೊತ್ತಿಗೆ ಎಲ್ಲ ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲನ್ನೂ ಬೀಳಿಸದೆ, ಸದ್ದಿಲ್ಲದೆ ಒಂದು ದೊಡ್ಡ ದವಡೆಹಲ್ಲು ಹುಟ್ಟುತ್ತೆ. ಹಳೇದು ಯಾವುದೂ ಬಿದ್ದಿಲ್ಲವಲ್ಲ, ಇದೂ ಹಾಲುಹಲ್ಲೇ ಇರಬೇಕು ಅಂತ ಮನೆಯವರು ಅಂದುಕೊಳ್ತಾರೆ. ಅಲ್ಲ, ಅದು ಮುಪ್ಪಿನವರೆಗೂ ಬಾಳಬೇಕಾದ ಹಲ್ಲು. ಅದರ ಮುಂದಿರೋ ಹಾಲುಹಲ್ಲನ್ನ ಹೊತ್ತಿಗೆ ಮುಂಚೆ ಕಿತ್ತರೆ ಈ ದೊಡ್ಡದು ಮುಂದಕ್ಕೆ ವಾಲಿ ಖಾಲಿ ಜಾಗಕ್ಕೆ ಸರಿದುಬಿಡುತ್ತೆ. ಆಮೇಲೆ ಬರೋ ಹಲ್ಲಿಗೆ ಜಾಗವೇ ಇಲ್ಲ. ಅಡ್ಡಡ್ಡ, ಒಂದರ ಮೇಲೊಂದು. ಕೀಳಲೇಬೇಕಾಗಿ ಬಂದರೆ ಆ ಜಾಗ ಕಾಯೋದಕ್ಕೆ ಒಂದು ಸಣ್ಣ ತಂತಿ ಕೂರಿಸ್ತಾರೆ, ಸ್ಪೇಸ್ ಮೇಂಟೇನರ್ ಅಂತ. ಮುಂದೆ ವರ್ಷಗಟ್ಟಲೆ ಕ್ಲಿಪ್ ಹಾಕಿಸೋ ಖರ್ಚಿನ ಮುಂದೆ ಅದೇನೂ ಅಲ್ಲ. ಹಲ್ಲು ಕೀಳಿಸೋ ದಿನವೇ "ಇದಕ್ಕೆ ಜಾಗ ಕಾಯಬೇಕಾ ಡಾಕ್ಟ್ರೇ?" ಅಂತ ಬಾಯಿಬಿಟ್ಟು ಕೇಳಬೇಕು.

ಆದರೆ ಇವತ್ತು ನಿಮ್ಮನ್ನ ಬೇಲಿ ಹತ್ತಿರ ನಿಲ್ಲಿಸಿಕೊಂಡದ್ದು ಹುಳುಕಿನ ಮಾತಿಗಲ್ಲ. ಮೊನ್ನೆ ನೀವು ನಗ್ತಾ ಹೇಳಿದ್ರಲ್ಲ, ಮೊಮ್ಮಗನಿಗೆ ತಾತನ ಗೊರಕೆ ಬಂದಿದೆ ಅಂತ. ಆ ಮಾತು ನನ್ನ ತಲೆಯಿಂದ ಹೋಗಿಲ್ಲ. 5 ವರ್ಷದ ಮಗು ದಿನಾ ಗೊರಕೆ ಹೊಡೆಯಬಾರದು ಕಣ್ರೀ. ನೆಗಡಿಯಾಗಿ ನಾಲ್ಕು ದಿನ ಗೊರಗೊರ ಅಂದರೆ ಇರಲಿ, ಯಾರ ಮನೆಯಲ್ಲಿಲ್ಲ. ನೆಗಡಿ ಇಲ್ಲದಾಗಲೂ ವಾರದಲ್ಲಿ ಮೂರು ರಾತ್ರಿ, ಅದಕ್ಕಿಂತ ಹೆಚ್ಚು ಗೊರಕೆ ಇದೆ ಅಂದರೆ ಡಾಕ್ಟರಿಗೆ ತೋರಿಸಲೇಬೇಕು. ಅದು ತಾತನಿಂದ ಬಂದ ಆಸ್ತಿ ಅಲ್ಲ, ಮಗುವಿನ ಉಸಿರಿನ ದಾರಿ ಎಲ್ಲೋ ಇಕ್ಕಟ್ಟಾಗಿರಬಹುದು ಅನ್ನೋ ಸೂಚನೆ.

ಇವತ್ತು ರಾತ್ರಿ ಅವನು ಮಲಗಿ ಒಂದೆರಡು ಗಂಟೆ ಆದಮೇಲೆ ಪಕ್ಕದಲ್ಲಿ ಸುಮ್ಮನೆ ಕೂತು ನೋಡಿ. ಬಾಯಿ ತೆರೆದಿದೆಯಾ, ಮುಚ್ಚಿದೆಯಾ? ಕತ್ತು ಹಿಂದಕ್ಕೆ ಚಾಚಿ, ಗದ್ದ ಮೇಲೆತ್ತಿ ಮಲಗಿದ್ದಾನಾ? ದಿಂಬು ಜೊಲ್ಲಿನಿಂದ ಒದ್ದೆಯಾ? ತಂಪು ರಾತ್ರಿಯಲ್ಲೂ ತಲೆ ಬೆವರುತ್ತಾ? ಎಲ್ಲಕ್ಕಿಂತ ಮುಖ್ಯ, ಗೊರಕೆ ನಡುವೆ ಒಂದು ಕ್ಷಣ ಉಸಿರೇ ನಿಂತು ಆಮೇಲೆ ಗಕ್ಕಂತ ಎಳೆದುಕೊಳ್ತಾನಾ? ಹಾಸಿಗೆ ಒದ್ದೆ ಮಾಡೋದು ನಿಂತಿದ್ದ ಮಗು ಮತ್ತೆ ಶುರು ಮಾಡಿದೆಯಾ? ಬೆಳಗ್ಗೆ ತುಟಿ ಒಣಗಿ, ತಲೆನೋವು ಅಂತ ಏಳ್ತಾನಾ? ಇದರಲ್ಲಿ ಒಂದೆರಡು ಹೌದು ಅನ್ನಿಸಿದರೂ ತಡ ಮಾಡಬೇಡಿ. ನಿದ್ದೆ ಸಾಲದಿದ್ದರೆ ದೊಡ್ಡವರು ತೂಕಡಿಸ್ತಾರೆ. ಮಕ್ಕಳು ತೂಕಡಿಸೋದು ಕಡಿಮೆ, ಕುಣಿಯೋದು ಹೆಚ್ಚು. ಒಂದು ಕಡೆ ಕೂರಲ್ಲ, ಹೇಳಿದ ಮಾತು ಕೇಳಲ್ಲ, ಮಾತುಮಾತಿಗೆ ಹಟ. ತುಂಟ ಅಂತ ಬೈಸಿಕೊಳ್ಳೋ ಮಗು ಎಷ್ಟೋ ಸಲ ನಿದ್ದೆಗೆಟ್ಟ ಮಗು ಆಗಿರುತ್ತೆ. ಇದು ನೆನಪಾದಾಗಲೆಲ್ಲ ನನಗೆ ಹೊಟ್ಟೆ ಚುರ್ ಅನ್ನುತ್ತೆ.

ಹಲ್ಲಿನ ಮಾತಿಂದ ಗೊರಕೆಗೆ ಯಾಕೆ ಹಾರಿದೆ ಅಂತೀರಾ? ಹಾರಿಲ್ಲ, ಎರಡೂ ಒಂದೇ ಮೂಳೆಯ ಕಥೆ. ಬಾಯೊಳಗಿನ ಅಂಗುಳ ಇದೆಯಲ್ಲ, ಅದರ ಮೇಲ್ಬದಿಯೇ ಮೂಗಿನ ನೆಲ. ಮಾಳಿಗೆ ಮನೆಯಲ್ಲಿ ಕೆಳಗಿನವರ ಸೂರು ಮೇಲಿನವರಿಗೆ ನೆಲ ಆಗೋ ಹಾಗೆ. ಅಂಗುಳ ಅಗಲವಾಗಿ ಬೆಳೆದರೆ ಮೂಗಿನೊಳಗೂ ಜಾಗ. ಅದು ಕಿರಿದಾಗಿ, ಎತ್ತರಕ್ಕೆ ಎದ್ದುಕೊಂಡರೆ ಕೆಳಗೆ ಹಲ್ಲಿಗೂ ಜಾಗವಿಲ್ಲ, ಮೇಲೆ ಗಾಳಿಗೂ ಇಲ್ಲ.

ಆ ಅಂಗುಳ ಅಗಲವಾಗಿ ಬೆಳೆಯೋದರಲ್ಲಿ ನಾಲಿಗೆಗೆ ದೊಡ್ಡ ಪಾಲಿದೆ. ಬಾಯಿ ಮುಚ್ಚಿ ಮೂಗಲ್ಲಿ ಉಸಿರಾಡೋ ಮಗುವಿನ ನಾಲಿಗೆ ಸುಮ್ಮನಿದ್ದಾಗಲೆಲ್ಲ ಅಂಗುಳಕ್ಕೆ ಆತುಕೊಂಡಿರುತ್ತೆ. ಹೊರಗಿನಿಂದ ಕೆನ್ನೆ ಒತ್ತುತ್ತೆ, ಒಳಗಿನಿಂದ ನಾಲಿಗೆ ತಡೆಯುತ್ತೆ, ಇವೆರಡರ ನಡುವೆ ಹಲ್ಲಿನ ಸಾಲು ನೆಲೆ ಹಿಡಿಯುತ್ತೆ. ಮೂಗು ಕಟ್ಟಿದ ಮಗು ಬಾಯಿ ತೆರೆಯಲೇಬೇಕು, ಇನ್ನೇನು ಮಾಡುತ್ತೆ ಪಾಪ? ಬಾಯಿ ತೆರೆದರೆ ನಾಲಿಗೆ ಕೆಳಗಿಳಿಯುತ್ತೆ. ಕೆನ್ನೆಯ ಒತ್ತಡಕ್ಕೆ ಒಳಗಿನಿಂದ ಉತ್ತರ ಇಲ್ಲ. ತಿಂಗಳು, ವರ್ಷ ಹೀಗೇ ಕಳೆದರೆ ಮೇಲ್ದವಡೆ ಕಿರಿದಾಗುತ್ತೆ, ಮುಂದಿನ ಹಲ್ಲು ಉಬ್ಬಿ ಬರುತ್ತೆ, ಮುಖ ಉದ್ದಕ್ಕೆ ಬೆಳೆಯುತ್ತೆ. ಮೇಲಿನ ಸಾಲು ಕಿರಿದಾಗಿ ಕೆಳಗಿನದರ ಜೊತೆ ಸರಿಯಾಗಿ ಕೂರದಿದ್ದಾಗ ಮಗು ಕೆಳದವಡೆಯನ್ನ ಒಂದು ಪಕ್ಕಕ್ಕೆ ಸರಿಸಿ ಕಚ್ಚೋದನ್ನ ಕಲಿತುಬಿಡುತ್ತೆ. ಊಟ ಮಾಡುವಾಗ ಗದ್ದ ಒಂದು ಕಡೆಗೆ ಹೋಗುತ್ತಾ ಅಂತ ಗಮನಿಸಿ, ಕಾಣಿಸುತ್ತೆ. ಬಾಯಿ ಒಣಗಿದರೆ ಜೊಲ್ಲಿನ ರಕ್ಷಣೆಯೂ ಇಲ್ಲ, ವಸಡು ಕೆಂಪಗಾಗಿ ಊದುತ್ತೆ, ಹುಳುಕಿಗೂ ದಾರಿ. ಹೀಗೆ ಸುತ್ತಿ ಬಳಸಿ ಮತ್ತೆ ಹಲ್ಲಿಗೇ ಬಂದ್ವಿ ನೋಡಿ.

ಇದು ಇವತ್ತಿನ ಹೊಸ ಪತ್ತೆಯೂ ಅಲ್ಲ. 1868ರಲ್ಲೇ ಕೋಪನ್‌ಹೇಗನ್‌ನ ವಿಲ್ಹೆಲ್ಮ್ ಮೇಯರ್ ಅನ್ನೋ ವೈದ್ಯರು ಮೂಗಿನ ಹಿಂದೆ, ಗಂಟಲಿನ ಮೇಲ್ಭಾಗದಲ್ಲಿ ಬೆಳೆಯೋ ಗಡ್ಡೆಯಂಥ ಅಂಗಾಂಶದ ಬಗ್ಗೆ ಬರೆದರು. ಅದೇ ಈಗಿನ ಅಡೆನಾಯ್ಡ್. ಸದಾ ಬಾಯಿ ತೆರೆದಿರೋ, ಮೂಗಲ್ಲಿ ಮಾತಾಡೋ, ಕಿವಿ ಮಂದವಾದ ರೋಗಿಗಳಲ್ಲಿ ಅವರು ಇದನ್ನ ಕಂಡಿದ್ದರು. ಕಿವಿಯ ಮಾತು ಮರೀಬೇಡಿ. ಅಡೆನಾಯ್ಡ್ ಊದಿಕೊಂಡಾಗ ಕಿವಿಗೆ ಹೋಗೋ ಕೊಳವೆ ಮುಚ್ಚಿ ಒಳಗೆ ನೀರು ತುಂಬಿಕೊಳ್ಳಬಹುದು. ಆಗ ಮೇಷ್ಟ್ರು ಹೇಳಿದ್ದು ಮಗುವಿಗೆ ನಿಜವಾಗಿಯೂ ಕೇಳಿಸ್ತಿರಲ್ಲ. ಈ ಅಡೆನಾಯ್ಡ್ ಬಾಯಿ ತೆರೆಸಿ ಟಾರ್ಚ್ ಬಿಟ್ಟರೆ ಕಾಣೋದಲ್ಲ, ಎಕ್ಸ್‌ರೇ ತೆಗೀಬೇಕು ಇಲ್ಲವೇ ಮೂಗಿನೊಳಗೆ ಸಣ್ಣ ದುರ್ಬೀನು ಹಾಕಿ ನೋಡಬೇಕು. ಗಂಟಲು ನೋಡಿ ಟಾನ್ಸಿಲ್ ಚೆನ್ನಾಗಿದೆ ಅಂದರೆ ಅಡೆನಾಯ್ಡೂ ಚೆನ್ನಾಗಿದೆ ಅಂತ ಅರ್ಥ ಅಲ್ಲ. 3ರಿಂದ 7 ವರ್ಷದ ನಡುವೆ ಅದರ ಭರಾಟೆ ಜೋರು, ಹದಿಹರೆಯದ ಹೊತ್ತಿಗೆ ತಾನೇ ಕುಗ್ಗುತ್ತೆ. ತೊಂದರೆ ಏನೂಂದ್ರೆ ದವಡೆ ಬೆಳೆಯೋ ಮುಖ್ಯ ವರ್ಷಗಳೂ ಅವೇ. ಅಡೆನಾಯ್ಡ್ ಕುಗ್ಗಲಿ ಅಂತ ಕಾಯ್ತಾ ಕೂತರೆ ದವಡೆ ನಮಗಾಗಿ ಕಾಯಲ್ಲ.

ಅಮೆರಿಕದಲ್ಲಿ ಎಗಿಲ್ ಹಾರ್ವೋಲ್ಡ್ ಅನ್ನೋರು 1970ರ ದಶಕದಲ್ಲಿ ಎಳೆಯ ಕೋತಿಗಳ ಮೂಗನ್ನ ಸಿಲಿಕೋನಿನಿಂದ ಮುಚ್ಚಿ ಪರೀಕ್ಷೆ ಮಾಡಿದರು. ಮೂಕ ಪ್ರಾಣಿಗಳಿಗೆ ಹಾಗೆ ಮಾಡಿದ್ದು ಕೇಳಿ ನನಗೆ ಸಂಕಟವೇ ಆಯಿತು, ಆದರೆ ಕಂಡದ್ದನ್ನ ಮುಚ್ಚಿಡೋ ಹಾಗಿಲ್ಲ. ಚೆನ್ನಾಗಿದ್ದ ಕೋತಿಗಳ ಹಲ್ಲಿನ ಸಾಲು ಕೆಟ್ಟಿತು, ಮುಖದ ಬೆಳವಣಿಗೆ ಬದಲಾಯಿತು. ಅದೂ ಎಲ್ಲ ಕೋತಿಗಳಲ್ಲಿ ಒಂದೇ ರೀತಿ ಅಲ್ಲ. ಬಾಯಲ್ಲಿ ಉಸಿರಾಡೋಕೆ ಒಂದೊಂದು ಒಂದೊಂದು ಉಪಾಯ ಹುಡುಕಿಕೊಂಡಿತು, ಅದರಂತೆ ಅದರ ಹಲ್ಲು. ಸ್ವೀಡನ್ನಿನ ಲಿಂಡರ್ ಆರೊನ್ಸನ್ ಅಡೆನಾಯ್ಡ್ ತೆಗೆಸಿದ ಮಕ್ಕಳನ್ನ ವರ್ಷಗಟ್ಟಲೆ ಗಮನಿಸಿದರು. ಮತ್ತೆ ಮೂಗಲ್ಲಿ ಉಸಿರಾಡೋಕೆ ಶುರು ಮಾಡಿದ ಮಕ್ಕಳಲ್ಲಿ ದವಡೆಯ ಅಗಲ, ಮುಂದಿನ ಹಲ್ಲಿನ ವಾಲು ಒಂದಿಷ್ಟು ಸರಿದಾರಿಗೆ ಬಂತು. ನನಗೆ ಧೈರ್ಯ ಕೊಡೋದು ಈ ಎರಡನೇ ಸಂಗತಿ. ಕೆಟ್ಟದ್ದು ಕೆಟ್ಟೇ ಹೋಯಿತು ಅಂತ ಅಲ್ಲ, ಹೊತ್ತು ಮೀರೋ ಮುಂಚೆ ಹಿಡಿದರೆ ಬೆಳೆಯೋ ಮೂಳೆ ನಮ್ಮ ಮಾತು ಕೇಳುತ್ತೆ. ಉದ್ದ ಮುಖ, ಉಬ್ಬು ಹಲ್ಲು ಎಲ್ಲಕ್ಕೂ ಉಸಿರೇ ಕಾರಣ ಅಂತಲೂ ನಾನು ಹೇಳ್ತಿಲ್ಲ. ಅಪ್ಪ ಅಮ್ಮನಿಂದ ಬರೋದು ಬೇಕಾದಷ್ಟಿದೆ.

ಮೂಗು ಕಟ್ಟೋಕೆ ಅಡೆನಾಯ್ಡೇ ಆಗಬೇಕೆಂದಿಲ್ಲ. ನಮ್ಮ ಬೆಂಗಳೂರಲ್ಲಿ ಖಾಲಿ ಸೈಟೆಲ್ಲ ಕಾಂಗ್ರೆಸ್ ಗಿಡ ಅಲ್ಲವಾ? ಪಾರ್ಥೇನಿಯಮ್. 1950ರ ದಶಕದಲ್ಲಿ ಪುಣೆ ಕಡೆ ಕಾಣಿಸಿಕೊಂಡು ದೇಶವೆಲ್ಲ ಹಬ್ಬಿತು. ಅದರ ಪರಾಗ ಮೂಗಿಗೆ ಬಡಿದರೆ ಸೀನು, ತುರಿಕೆ, ಮೂಗು ಕಟ್ಟೋದು. ಜೊತೆಗೆ ಕಟ್ಟಡದ ದೂಳು, ಮುಚ್ಚಿದ ಕೋಣೆಯಲ್ಲಿ ರಾತ್ರಿಯಿಡೀ ಸೊಳ್ಳೆ ಬತ್ತಿಯ ಹೊಗೆ. ಸದಾ ಮೂಗು ಉಜ್ಜಿಕೊಳ್ಳೋ ಮಗುವಿನ ಮೂಗಿನ ಮೇಲೆ ಅಡ್ಡ ಗೆರೆಯೇ ಬಿದ್ದಿರುತ್ತೆ, ನೋಡಿದ್ದೀರಾ? ಕಣ್ಣ ಕೆಳಗೆ ಕಪ್ಪು. ಇಂಥ ಮಗುವಿಗೆ "ಬಾಯಿ ಮುಚ್ಚಿಕೊಳ್ಳೋ" ಅಂತ ಗದರಿದರೆ ಏನು ಬಂತು? ಮೊದಲು ಮೂಗು ಬಿಡಿಸಬೇಕು. ಸೊಳ್ಳೆ ಬತ್ತಿ ಬಿಟ್ಟು ಪರದೆ ಕಟ್ಟಿ, ದಿಂಬು ಹೊದಿಕೆ ಬಿಸಿನೀರಲ್ಲಿ ಒಗೀರಿ, ಉಪ್ಪುನೀರಿನ ಹನಿ ಹಾಕಿ. ಅದಕ್ಕೂ ಬಗ್ಗದಿದ್ದರೆ ಇಎನ್‌ಟಿ ಡಾಕ್ಟರು ಮೂಗಿಗೆ ಸ್ಪ್ರೇ ಬರೆದುಕೊಡ್ತಾರೆ. ಮೂಗಿನ ಸ್ಪ್ರೇನಲ್ಲೂ ಬಗೆಬಗೆ ಇದೆ. ತಕ್ಷಣ ಮೂಗು ಬಿಡಿಸೋ ಕೆಲವು ಹನಿಗಳನ್ನ ಹೆಚ್ಚು ದಿನ ಹಾಕಿದರೆ ಮೂಗು ಮತ್ತಷ್ಟು ಕಟ್ಟುತ್ತೆ, ಅದಕ್ಕೇ ಅಂಗಡಿಯಲ್ಲಿ ಕೇಳಿ ತಂದು ಹಾಕೋದು ಬೇಡ.

ಊಟದ ವಿಷಯಕ್ಕೆ ಬರ್ತೀನಿ, ಇದರಲ್ಲಿ ನನಗೆ ಹೇಳೋದು ಜಾಸ್ತಿ ಇದೆ. ರಾಬರ್ಟ್ ಕೊರುಚ್ಚಿನಿ ಅನ್ನೋ ಅಮೆರಿಕದ ಮಾನವಶಾಸ್ತ್ರಜ್ಞರು ನಮ್ಮವರ ಜೊತೆ ಸೇರಿ ಚಂಡೀಗಢ ನಗರದ ಮಕ್ಕಳ ಹಲ್ಲನ್ನೂ ಸುತ್ತಿನ ಹಳ್ಳಿಗಳ ಪಂಜಾಬಿ ಮಕ್ಕಳ ಹಲ್ಲನ್ನೂ ಹೋಲಿಸಿ 1983ರಲ್ಲಿ ಬರೆದರು. ಜನ ಒಂದೇ, ರಕ್ತ ಒಂದೇ. ಆದರೂ ವಕ್ರ ಹಲ್ಲು, ಇಕ್ಕಟ್ಟು ದವಡೆ ನಗರದಲ್ಲಿ ಹೆಚ್ಚು. ಹಳ್ಳಿಯವರದು ಒರಟು ಊಟ, ಪಟ್ಟಣದವರದು ಮೆತ್ತನೆಯದು, ದವಡೆಗೆ ಬೀಳೋ ಕೆಲಸವೇ ಬೇರೆ ಅಂತ ಅವರ ವಾದ. ಊಟವೊಂದೇ ಕಾರಣ ಅಂತ ಎಲ್ಲ ತಜ್ಞರೂ ಒಪ್ಪಲ್ಲ, ಆದರೆ ಕೆಲಸ ಕೊಟ್ಟರೆ ಮೂಳೆ ಬೆಳೆಯುತ್ತೆ ಅನ್ನೋದಂತೂ ಸುಳ್ಳಲ್ಲ.

ನಮ್ಮ ಮಕ್ಕಳ ತಟ್ಟೆ ನೋಡಿ. ಬೆಳಗ್ಗೆ ಇಡ್ಲಿ ಹಾಲಲ್ಲಿ ಕಲಸಿ, ಮಧ್ಯಾಹ್ನ ಅನ್ನ ಸಾರು ನುಣ್ಣಗೆ ಹಿಸುಕಿ, ಸಂಜೆ ಬಿಸ್ಕತ್ತು ಹಾಲಲ್ಲಿ ಅದ್ದಿ. 3 ವರ್ಷದ ಮಗುವಿಗೂ ಮಿಕ್ಸಿಯಲ್ಲಿ ರುಬ್ಬಿ, ಮೊಬೈಲು ತೋರಿಸ್ತಾ ಬಾಯಿಗೆ ತುರುಕೋ ಮನೆಗಳಿವೆ. ಆ ಮಗು ಅಗಿಯೋದನ್ನ ಯಾವಾಗ ಕಲಿಯಬೇಕು? 6 ತಿಂಗಳಿಗೆ ಮೇಲೂಟ ಶುರುವಾದರೆ 8-9 ತಿಂಗಳ ಹೊತ್ತಿಗೆ ಸ್ವಲ್ಪ ಸ್ವಲ್ಪ ತರಿತರಿಯಾದದ್ದು ಬಾಯಿಗೆ ಬೀಳಬೇಕು, ವರ್ಷ ತುಂಬುವಾಗ ಮನೆಯವರ ಊಟವೇ, ಖಾರ ಕಡಿಮೆ ಮಾಡಿ. ಮುದ್ದೆಯ ಮೇಲೆ ನನಗೆ ತಕರಾರಿಲ್ಲ, ಅದು ನುಂಗೋ ಊಟವೇ, ಅದರ ಸತ್ವವೇ ಬೇರೆ. ಅದರ ಪಕ್ಕದಲ್ಲಿ ಸೊಪ್ಪಿನ ಪಲ್ಯ, ಸೌತೆಕಾಯಿ ಹೋಳು ಇರಲಿ. ಒಂದು ಹೊತ್ತು ಅಕ್ಕಿರೊಟ್ಟಿ, ರಾಗಿರೊಟ್ಟಿ, ಉತ್ತರದ ಕಡೆಯವರಾದರೆ ಜೋಳದ ರೊಟ್ಟಿ. ಸ್ವಲ್ಪ ದೊಡ್ಡವರಾದ ಮೇಲೆ ಕೊಬ್ಬರಿ ಚೂರು, ಸಂಕ್ರಾಂತಿಗೆ ಕಬ್ಬು ಸಿಗಿದು ತಿನ್ನೋದು, ಇದನ್ನೆಲ್ಲ ಬಿಡಿಸಿ ಯಾಕೆ ಜ್ಯೂಸು ಮಾಡಿಕೊಡಬೇಕು? ಆದರೆ ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ: ಅಗಿಯಲಿ ಅಂತ 4 ವರ್ಷದೊಳಗಿನ ಮಗುವಿಗೆ ಇಡೀ ಕಡಲೆಬೀಜ, ಹುರಿಗಡಲೆ, ಗಟ್ಟಿ ಕ್ಯಾರೆಟ್ ತುಂಡು ಕೊಡಬೇಡಿ. ಶ್ವಾಸನಾಳಕ್ಕೆ ಸಿಕ್ಕಿಕೊಂಡರೆ ಪ್ರಾಣಕ್ಕೇ ಬರುತ್ತೆ. ತಿನ್ನುವಾಗ ಕೂತು ತಿನ್ನಲಿ, ಓಡಾಡ್ತಾ ಬೇಡ.

ಅಗಿಯೋದಕ್ಕೂ ಮುಂಚೆ ಮಗು ಮಾಡೋ ಕೆಲಸ ಮೊಲೆ ಚೀಪೋದು. ನಾಲಿಗೆ, ತುಟಿ, ಕೆಳದವಡೆ ಎಲ್ಲಕ್ಕೂ ಅದರಲ್ಲಿ ದುಡಿಮೆ ಇದೆ. ಮೊಲೆಹಾಲು ಕುಡಿದು ಬೆಳೆದ ಮಕ್ಕಳಲ್ಲಿ ಹಲ್ಲು ಅಡ್ಡ ಕೂರೋದು ಕಡಿಮೆ ಅಂತ ಬೇರೆ ಬೇರೆ ದೇಶಗಳ ಅಧ್ಯಯನಗಳು ಹೇಳಿವೆ. ಹಾಲು ಸಾಲದ ತಾಯಿಯ ಮುಂದೆ ಮಾತ್ರ ಇದನ್ನ ಎತ್ತಿ ಆಡಬೇಡಿ, ಆಕೆಯ ನೋವು ಆಕೆಗೇ ಸಾಕು. ಬಾಟಲಿ ಕೊಡೋದಾದರೆ ಹಲ್ಲು ಬಂದಮೇಲೆ ಬಾಯಲ್ಲಿ ಬಾಟಲಿ ಇಟ್ಟುಕೊಂಡೇ ನಿದ್ದೆ ಹೋಗೋದನ್ನ ತಪ್ಪಿಸಿ, ಅಷ್ಟು ಸಾಕು. ರಾತ್ರಿಯೆಲ್ಲ ಹಾಲು ನಿಂತು ಮೇಲಿನ ಮುಂದಿನ ಹಲ್ಲು ಕರಗಿಹೋಗುತ್ತೆ, ಅದರಲ್ಲೂ ಸಕ್ಕರೆ ಹಾಕಿದ ಹಾಲಾದರೆ ಕೇಳೋದೇ ಬೇಡ.

ಬೆರಳು ಚೀಪೋ ಅಭ್ಯಾಸ ನಿಮ್ಮ ಮೊಮ್ಮಗಳಿಗಿದೆಯಲ್ಲ, ಅವಳಿಗಿನ್ನೂ 2 ವರ್ಷ, ಸುಮ್ಮನೆ ಬಿಡಿ. ಬಹಳ ಮಕ್ಕಳು 2ರಿಂದ 4 ವರ್ಷದೊಳಗೆ ತಾವೇ ಬಿಡ್ತಾರೆ. 4 ದಾಟಿದ ಮೇಲೂ ಮುಂದುವರಿದರೆ ಮೇಲಿನ ಹಲ್ಲು ಮುಂದಕ್ಕೆ, ಕಚ್ಚಿದಾಗಲೂ ಮುಂದಿನ ಹಲ್ಲುಗಳ ನಡುವೆ ಕಿಂಡಿ. ಆಗ ಡಾಕ್ಟರ ಹತ್ತಿರ ಹೋಗಿ. ಬೆರಳಿಗೆ ಬೇವಿನೆಣ್ಣೆ, ಮೆಣಸಿನಪುಡಿ ಬಳಿಯೋದು, ಹೊಡೆಯೋದು, ನಾಲ್ಕು ಜನರ ಮುಂದೆ ಹಂಗಿಸೋದು ಖಂಡಿತ ಬೇಡ. ಮಗು ಆ ಬೆರಳಲ್ಲಿ ಏನೋ ಸಮಾಧಾನ ಹುಡುಕ್ತಿರುತ್ತೆ, ಅದನ್ನ ಕಸಿದುಕೊಂಡು ಭಯ ಕೊಟ್ಟ ಹಾಗಾಗುತ್ತೆ.

ಕಿರಿದಾದ ಅಂಗುಳವನ್ನ ಅಗಲ ಮಾಡೋ ಉಪಾಯವೂ ಹಳೇದೇ. 1860ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಎಮರ್ಸನ್ ಏಂಜೆಲ್ ಅನ್ನೋ ದಂತವೈದ್ಯ 14 ವರ್ಷದ ಹುಡುಗಿಯ ಬಾಯಲ್ಲಿ ಸ್ಕ್ರೂ ಇರೋ ಸಾಧನ ಕೂರಿಸಿ ಮೇಲ್ದವಡೆ ಅಗಲ ಮಾಡಿದ್ದನ್ನ ಬರೆದಾಗ ಯಾರೂ ಸುಲಭಕ್ಕೆ ನಂಬಲಿಲ್ಲ. ಅಂಗುಳ ಅಂದರೆ ಎರಡು ಮೂಳೆ ನಟ್ಟನಡುವೆ ಕೂಡಿ ಆದದ್ದು, ಮಕ್ಕಳಲ್ಲಿ ಆ ಕೂಡುಗೆರೆ ಇನ್ನೂ ಗಟ್ಟಿಯಾಗಿರಲ್ಲ. ಈಗಲೂ ಅದೇ ತತ್ವ. ಚಿಕ್ಕ ಕೀಲಿ ಒಂದು ಸಲ ತಿರುಗಿಸಿದರೆ ಸುಮಾರು 0.25 ಮಿಲಿಮೀಟರ್. ಹಲ್ಲು ಅಡ್ಡ ಕೂತ ಮಗುವಿಗೆ ಇದರಿಂದ ನಿಜವಾದ ಉಪಕಾರ ಇದೆ, ಕೆಲವರಿಗೆ ಮೂಗಿನ ಉಸಿರೂ ಸಲೀಸಾಗುತ್ತೆ. ಆದರೆ ಅಂಗುಳ ಸರಿಯಿರೋ ಮಗುವಿಗೂ ಮುಂದೆ ಗೊರಕೆ ಬರದಿರಲಿ ಅಂತ ಇದನ್ನ ಹಾಕ್ತೀವಿ ಅಂದರೆ ಒಪ್ಪಬೇಡಿ. ಅಮೆರಿಕದ ಆರ್ಥೋಡಾಂಟಿಸ್ಟರ ಸಂಘವೇ 2019ರಲ್ಲಿ, ನಿದ್ದೆಯ ಉಸಿರುಗಟ್ಟುವಿಕೆಯನ್ನ ಮುಂಚೆಯೇ ತಡೆಯೋಕೆ ಅಂತ ಇದನ್ನ ಹಾಕೋದಕ್ಕೆ ಆಧಾರ ಸಾಲದು ಅಂತ ಬರೆದಿದೆ. ಮೊಬೈಲಿನಲ್ಲಿ ನೋಡಿ ಮಕ್ಕಳ ಬಾಯಿಗೆ ಟೇಪ್ ಅಂಟಿಸಿ ಮಲಗಿಸೋರೂ ಇದ್ದಾರಂತೆ. ಮೂಗು ಕಟ್ಟಿದ ಮಗುವಿನ ಬಾಯಿಯನ್ನೂ ಮುಚ್ಚೋದೇ? ಅಪಾಯ, ಮಾಡಲೇಬೇಡಿ.

ಆಪರೇಷನ್ ಅಂದರೆ ನಿಮ್ಮ ಎದೆ ಹೊಡೆದುಕೊಳ್ಳುತ್ತೆ ಅಂತ ಗೊತ್ತು. ಎಲ್ಲರಿಗೂ ಬೇಕಾಗಲ್ಲ. ನಿದ್ದೆಯಲ್ಲಿ ಉಸಿರು ಕಟ್ಟೋ 5ರಿಂದ 9 ವರ್ಷದ 464 ಮಕ್ಕಳನ್ನ ಅಮೆರಿಕದಲ್ಲಿ ಎರಡು ಗುಂಪು ಮಾಡಿ 7 ತಿಂಗಳು ನೋಡಿದ ಅಧ್ಯಯನ 2013ರಲ್ಲಿ ಹೊರಬಂತು. ಟಾನ್ಸಿಲ್, ಅಡೆನಾಯ್ಡ್ ತೆಗೆಸಿದವರಲ್ಲಿ ನೂರಕ್ಕೆ 79 ಮಕ್ಕಳ ನಿದ್ದೆಯ ಉಸಿರು ಸರಿಹೋಯಿತು; ತೆಗೆಸದೆ ಕಾದವರಲ್ಲಿ 46 ಮಕ್ಕಳದು. ನಡವಳಿಕೆ, ನಿದ್ದೆ ತೆಗೆಸಿದವರಲ್ಲೇ ಹೆಚ್ಚು ಸುಧಾರಿಸಿತು. ಅಂದರೆ ಕಾಯಬಹುದಾದ ಮಗುವೂ ಇದೆ, ಕಾಯಬಾರದ ಮಗುವೂ ಇದೆ. ನಿಮ್ಮ ಹುಡುಗ ಯಾವ ಗುಂಪು ಅಂತ ಬೇಲಿಯ ಈಚೆ ನಿಂತು ನಾನು ಹೇಳೋಕಾಗಲ್ಲ, ಪರೀಕ್ಷೆ ಮಾಡಿದವರೇ ಹೇಳಬೇಕು.

ಮೊದಲ ಹಲ್ಲು ಹುಟ್ಟಿದ 6 ತಿಂಗಳೊಳಗೆ, ತಡ ಅಂದರೂ ವರ್ಷ ತುಂಬೋದರೊಳಗೆ, ಮಗುವನ್ನ ಒಂದು ಸಲ ದಂತವೈದ್ಯರಿಗೆ ತೋರಿಸಿ ಅಂತಾರೆ ಮಕ್ಕಳ ಹಲ್ಲಿನ ತಜ್ಞರು. ನೋವು ಬಂದಮೇಲೆ ಮೊದಲ ಸಲ ಹೋದ ಮಗುವಿಗೆ ಆ ಕುರ್ಚಿ ಕಂಡರೆ ಹೆದರಿಕೆ, ನೋವಿಲ್ಲದಾಗ ಹೋದ ಮಗುವಿಗೆ ಅದೊಂದು ಆಟ. ಫ್ಲೋರೈಡ್ ಪೇಸ್ಟು 3 ವರ್ಷದವರೆಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು. ನಿಮ್ಮ ಮಗಳು ಇರೋ ಪಾವಗಡದ ಕಡೆ ನೀರಲ್ಲೇ ಫ್ಲೋರೈಡ್ ಜಾಸ್ತಿ, ಅಲ್ಲಿಯ ಡಾಕ್ಟರನ್ನ ಕೇಳಿಯೇ ಪೇಸ್ಟು ಆರಿಸಲಿ. ದುಡ್ಡಿನ ಚಿಂತೆ ಇರೋರಿಗೆ ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ, 2013ರಲ್ಲಿ ಶುರುವಾದದ್ದು. ಆ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು, ಹಲ್ಲನ್ನೂ ನೋಡಬೇಕು. ನಿಮ್ಮ ಮನೆ ಕೆಲಸಕ್ಕೆ ಬರೋ ಹುಡುಗಿಯ ಮಗು ಅಂಗನವಾಡಿಗೆ ಹೋಗುತ್ತಲ್ಲ, ತಂಡ ಬಂದ ದಿನ ಗೊರಕೆಯ ಮಾತನ್ನೂ ಹೇಳು ಅಂತ ಅವಳಿಗೆ ತಿಳಿಸಿ. ಅವರಾಗಿ ಕೇಳದಿದ್ದರೆ ಇವಳೇ ಹೇಳಬೇಕು.

ನಿಮ್ಮ ಮೊಮ್ಮಗನ ವಿಷಯಕ್ಕೆ ಇವತ್ತು ರಾತ್ರಿ ಫೋನಿನಲ್ಲಿ ಒಂದೆರಡು ನಿಮಿಷ ಗೊರಕೆಯ ವಿಡಿಯೊ ತೆಗೆದಿಟ್ಟುಕೊಳ್ಳಿ, ಎದೆ, ಬಾಯಿ ಎರಡೂ ಕಾಣೋ ಹಾಗೆ, ದನಿ ಕೇಳೋ ಹಾಗೆ. ಆಸ್ಪತ್ರೆಯಲ್ಲಿ ಎಚ್ಚರವಾಗಿ ಕೂತ ಮಗುವನ್ನ ನೋಡಿ ಡಾಕ್ಟರಿಗೆ ತಿಳಿಯದ್ದು ಆ ವಿಡಿಯೊದಲ್ಲಿ ತಿಳಿಯುತ್ತೆ. ಬಾಯಿ ತೆರೆದು ಮಲಗೋದು ಯಾವಾಗಿಂದ ಅಂತ ನಿಮ್ಮ ಸೊಸೆಯನ್ನ ಕೇಳಿ ಬರೆದಿಟ್ಟುಕೊಳ್ಳಿ. ಮಕ್ಕಳ ಡಾಕ್ಟರಿಗೆ ತೋರಿಸಿ, ಅವರು ಇಎನ್‌ಟಿಗೆ ಕಳಿಸಿದರೆ ಅಲ್ಲಿಗೂ ಹೋಗಿ, ಅಂಗುಳ ನೋಡೋಕೆ ಮಕ್ಕಳ ಹಲ್ಲಿನ ಡಾಕ್ಟರ ಹತ್ತಿರವೂ ಕರೆದುಕೊಂಡು ಹೋಗಿ. ಬೆಳಗ್ಗೆಯ ಹೊತ್ತೇ ಕೇಳಿ, ಸಂಜೆಗೆ ಮಗು ದಣಿದು ರಚ್ಚೆ ಹಿಡಿಯುತ್ತೆ. ಜೊತೆಗೆ ಯಾರೂ ಇಲ್ಲ ಅಂದರೆ ನಾನು ಬರ್ತೀನಿ, ಶನಿವಾರ ಬೆಳಗ್ಗೆ ನನಗೆ ಬಿಡುವಿದೆ.